ಹೇರುಗುದುರೆಯ ತಳಿ ಉಳಿಸುವ ಕ್ರಮ: ಕೊಪ್ಪಳ, ರಾಯಚೂರು ಸೀಮೆಯವರಿಗೆ

ಕುರಿಹಿಂಡಿನ ಜೊತೆಗೆ ಹಟ್ಟಿಯ ಸಾಮಾನು ಹೊತ್ತು ನಡೆಯುವ ಗಿಡ್ಡ ಕುದುರೆಯನ್ನು ನಮ್ಮ ಸೀಮೆಯಲ್ಲಿ ಉಳಿಸಬೇಕೆನ್ನುವವರು ಮೊದಲು ಲಾಯ ಕಟ್ಟಲು ಹೊರಡಬಾರದು. ಯಾವ ಕುದುರೆ ಎಲ್ಲಿದೆ ಎಂಬ ಪಟ್ಟಿಯನ್ನು ಮೊದಲು ಮಾಡಬೇಕು. ಮಹಾರಾಷ್ಟ್ರದ ಕುರಿಗಾರರಲ್ಲಿರುವ ಭೀಮಥಡಿ ಕುದುರೆಗೆ ಕರ್ನಾಲ್‌ನ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ತಳಿಯೆಂಬ ಮಾನ್ಯತೆ ಕೊಟ್ಟಿದೆ ನಿಜ, ಆದರೆ ಅದೇ ಹೆಸರನ್ನು ಕುಷ್ಟಗಿ, ಲಿಂಗಸುಗೂರು ಕಡೆಯ ಕುದುರೆಗಳಿಗೂ ಹಚ್ಚಿಬಿಡುವುದು ಅವಸರದ ಮಾತಾಗುತ್ತದೆ. ಬಲಿತ ಕುದುರೆಗಳ ಹೆಗಲೆತ್ತರ, ಎದೆಸುತ್ತು, ತಲೆಯ ಉದ್ದ ಮತ್ತು ಮುಂಗಾಲಿನ ಮೂಳೆಯ ಸುತ್ತಳತೆಯನ್ನು ತೆಗೆದುಕೊಂಡು, ನಾಲ್ಕೂ ದಿಕ್ಕಿನಿಂದ ಫೋಟೋ ಹಿಡಿದು, ಡಿಎನ್‌ಎ ಪರೀಕ್ಷೆಗಾಗಿ ಬೇರುಸಹಿತ ಕಿತ್ತ ಬಾಲದ ಕೂದಲನ್ನು ಒಣ ಲಕೋಟೆಯಲ್ಲಿಟ್ಟು, ಫಲಿತಾಂಶ ಬರುವವರೆಗೆ ವಂಶಪುಸ್ತಕದಲ್ಲಿ ‘ಸ್ಥಳೀಯ ಹೇರುಗುದುರೆ’ ಎಂದಷ್ಟೇ ನಮೂದಿಸುವುದು ಸರಿ.

ಈ ವಂಶಪುಸ್ತಕದಲ್ಲಿ ತಂದೆ, ತಾಯಿ, ಹುಟ್ಟಿದ ದಿನ, ಮಾಲೀಕ, ಬಣ್ಣ, ಹಣೆಯ ಚುಕ್ಕೆ, ಕಾಲಿನ ಬಿಳಿ ಮತ್ತು ಸುಳಿಗಳನ್ನು ಬರೆಯಬೇಕು. ಸುಳಿಯ ಜಾಗ ಕುದುರೆಯಿಂದ ಕುದುರೆಗೆ ಬೇರೆಯಾಗಿದ್ದು ಆಯುಷ್ಯಪೂರ್ತಿ ಬದಲಾಗುವುದಿಲ್ಲವಾದ್ದರಿಂದ ಗುರುತು ಹಿಡಿಯಲು ಅದಕ್ಕಿಂತ ಅಗ್ಗದ ಸಾಧನ ಇನ್ನೊಂದಿಲ್ಲ. ಕೆಟ್ಟ ಸುಳಿಯೆಂದು ಒಳ್ಳೆಯ ಗಂಡನ್ನು ಬೀಜ ಒಡೆಸಿ ಮಾರಿಬಿಡುವ ರೂಢಿಯನ್ನು ಮಾತ್ರ ಹಟ್ಟಿಯ ಹಿರಿಯರೊಡನೆ ಕುಳಿತು, ಅವರ ನಂಬಿಕೆಯನ್ನು ಹೀಗಳೆಯದೆ, ಮಾತನಾಡಿ ಬಿಡಿಸಬೇಕಾಗುತ್ತದೆ. ಯಾಕೆಂದರೆ ಗಂಡುಗಳ ಕೊರತೆಯೂ ಸಣ್ಣ ತಳಿಯೊಂದನ್ನು ನಶಿಸುವಂತೆ ಮಾಡಬಲ್ಲದು.

ಲೆಕ್ಕ ಸರಳವಾಗಿದೆ. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಬಂದದ್ದನ್ನು ನಾಲ್ಕರಿಂದ ಗುಣಿಸಿ, ಒಟ್ಟು ತಲೆಗಳಿಂದ ಭಾಗಿಸಿದರೆ ತಳಿಯ ಪರಿಣಾಮಕಾರಿ ಸಂಖ್ಯೆ, ಅಂದರೆ ವಂಶವೈವಿಧ್ಯದ ಲೆಕ್ಕದಲ್ಲಿ ಆ ಗುಂಪು ಎಷ್ಟು ಕುದುರೆಗಳಿಗೆ ಸಮ ಎಂಬುದು ಸಿಗುತ್ತದೆ. ಒಂದು ಗಂಡು, 20 ಹೆಣ್ಣುಗಳಿದ್ದರೆ ಲಾಯದಲ್ಲಿ 21 ಕುದುರೆ ಕಂಡರೂ ಈ ಸಂಖ್ಯೆ 4ನ್ನು ಮುಟ್ಟುವುದಿಲ್ಲ, ಮತ್ತು ಪ್ರತಿ ತಲೆಮಾರಿಗೆ ಒಳಸಂಬಂಧ (ಹತ್ತಿರದ ರಕ್ತಸಂಬಂಧಿಗಳು ಕೂಡುವುದು) ಸುಮಾರು ಶೇ. 13ರಷ್ಟು ಏರುತ್ತದೆ. ಅದೇ 20 ಹೆಣ್ಣುಗಳಿಗೆ ನಾಲ್ಕು ಗಂಡುಗಳಿದ್ದರೆ ಸಂಖ್ಯೆ 13 ದಾಟುತ್ತದೆ, ಏರಿಕೆ ಶೇ. 4ಕ್ಕಿಂತ ಕೆಳಗಿಳಿಯುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೂಚಿಸುವ ಕನಿಷ್ಠ ಮಟ್ಟ 50. ಅದಕ್ಕೆ 15 ಗಂಡು, 75 ಹೆಣ್ಣು ಬೇಕು. ಇಷ್ಟನ್ನು ಒಬ್ಬನೇ ಸಾಕುವುದು ಆಗದ ಮಾತು. ಆದ್ದರಿಂದ ನನ್ನ ದೃಷ್ಟಿಯಲ್ಲಿ ಕುರಿಗಾರರ ಹಟ್ಟಿಗಳೇ ಫಾರಂ, ನಾವು ಕಟ್ಟುವ ಲಾಯ ಅವುಗಳ ನಡುವಿನ ಒಂದು ಕೊಂಡಿ ಮಾತ್ರ. ಹೆಣ್ಣುಗಳನ್ನು ಗುಂಪುಗಳಾಗಿ ಹಂಚಿ, ಪ್ರತಿ ಗಂಡಿನ ಒಬ್ಬ ಮಗನನ್ನು ಉಳಿಸಿ, ಅವನನ್ನು ತಂದೆಯ ಗುಂಪಿಗೆ ಬಿಡದೆ ಪಕ್ಕದ ಗುಂಪಿಗೆ ಕಳಿಸುತ್ತಾ ಹೋಗಬೇಕು. ಪ್ರತಿ ಹೆಣ್ಣಿನಿಂದಲೂ ಒಬ್ಬ ಮಗಳನ್ನಾದರೂ ಇಟ್ಟುಕೊಳ್ಳಬೇಕು. ಇಂದಿನ ಸ್ಲೊವೇನಿಯಾದ ಲಿಪಿತ್ಸಾದಲ್ಲಿ 1580ರಲ್ಲಿ ಆರಂಭವಾದ ಅಶ್ವಶಾಲೆಯಿಂದ ಬೆಳೆದ ಲಿಪಿತ್ಸಾನರ್ ತಳಿಯಲ್ಲಿ ಆರು ಗಂಡುವಂಶಗಳನ್ನು ಇಂದಿಗೂ ಬೇರೆಬೇರೆಯಾಗಿ ಕಾಯ್ದುಕೊಂಡಿರುವುದರ ಹಿಂದೆ ಇದೇ ತತ್ವವಿದೆ. ಎತ್ತರ ಹೆಚ್ಚಲೆಂದು ಜೂಜಿನ ಓಟದ ಥರೋಬ್ರೆಡ್ ಅಥವಾ ರಾಜಸ್ಥಾನದ ಮಾರವಾಡಿ ತಳಿಯ ಗಂಡನ್ನು ಒಮ್ಮೆ ಬಿಟ್ಟರೂ ಆ ಮರಿಗಳನ್ನು ಪುಸ್ತಕದಿಂದ ಹೊರಗಿಡಬೇಕು. ಟಿಪ್ಪುವಿನ ದಂಡಿಗೆ ಕುದುರೆ ಬೆಳೆಸಿದ ಕುಣಿಗಲ್ ಫಾರಂ ಕೂಡ ಮುಂದೆ ಜೂಜಿನ ಕುದುರೆಯ ಕಡೆಗೇ ಹೊರಳಿತು. ಮಾರುಕಟ್ಟೆಯ ಸೆಳೆತ ಅಷ್ಟು ಬಲವಾದದ್ದು.

ಜಾಗಕ್ಕೆ ಗಂಗಾವತಿ, ಸಿಂಧನೂರು ಕಡೆಯ ಕಾಲುವೆ ಗದ್ದೆಗಳಿಗಿಂತ ಮಸಾರಿಯ ಒಣ ದಿಬ್ಬ ಲೇಸು, ಏಕೆಂದರೆ ತೇವದಲ್ಲಿ ಗೊರಸು ಕೊಳೆಯುತ್ತದೆ ಮತ್ತು ರಕ್ತದ ಸೋಂಕಾದ ಸರ್ರಾ ರೋಗ ಹರಡುವ ಕುದುರೆನೊಣ ಹೆಚ್ಚುತ್ತದೆ. ಮೇವಿನ ವಿಷಯದಲ್ಲಿ ನಮ್ಮ ಭಾಗದವರು ವಿಶೇಷವಾಗಿ ಎಚ್ಚರ ವಹಿಸಬೇಕು. ಹಸಿ ಜೋಳದ ಹೊಲದಲ್ಲಿ ಕುದುರೆಯನ್ನು ವಾರಗಟ್ಟಲೆ ಮೇಯಿಸಿದರೆ ಹಿಂಗಾಲು ತಡವರಿಸಿ, ಮೂತ್ರ ತೊಟ್ಟಿಕ್ಕುವ ರೋಗ ಬರುತ್ತದೆ; ಗಬ್ಬದ ಕುದುರೆಯಾದರೆ ಮರಿಯ ಕೀಲುಗಳು ಸೆಟೆದು ಹುಟ್ಟುವುದೂ ಉಂಟು. ಎಳೆ ಜೋಳದಲ್ಲಿರುವ ಸಯನೈಡ್ ವಿಷ ಎತ್ತಿಗೆ ಹೆಚ್ಚು ಅಪಾಯ ಎಂಬುದು ರೈತರಿಗೆ ಗೊತ್ತು, ಕುದುರೆಗೆ ಈ ನಿಧಾನದ ಕೇಡು ಹೆಚ್ಚು ಅಪಾಯ ಎಂಬುದು ಅಷ್ಟಾಗಿ ಗೊತ್ತಿಲ್ಲ. ಚೆನ್ನಾಗಿ ಒಣಗಿದ ಕಣಿಕೆಯಲ್ಲಿ ಈ ಭಯ ಕಡಿಮೆ. 250 ಕೆಜಿ ತೂಗುವ ಕುದುರೆಗೆ ದಿನಕ್ಕೆ ಸುಮಾರು 5 ಕೆಜಿ ಒಣಮೇವು, ಕೆಲಸಕ್ಕೆ ತಕ್ಕಂತೆ ಬೇಯಿಸಿದ ಹುರುಳಿ, ಉಪ್ಪು ಮತ್ತು ಸದಾ ನೀರು ಇರಬೇಕು. ಬರೀ ಭತ್ತದ ಹುಲ್ಲಿನ ಮೇಲೆ ಕುದುರೆ ನಿಲ್ಲುವುದಿಲ್ಲ.

ಗರ್ಭಾವಧಿ ಸುಮಾರು 340 ದಿನ. ಜುಲೈ, ಆಗಸ್ಟ್‌ನಲ್ಲಿ ಗಂಡು ಬಿಟ್ಟರೆ ಮುಂದಿನ ವರ್ಷ ಬಿಸಿಲಿನ ಅಬ್ಬರ ಇಳಿದು ಹಸಿರು ಚಿಗುರುವ ಹೊತ್ತಿಗೆ ಮರಿ ಬರುತ್ತದೆ. ಹುಟ್ಟಿದ ಮರಿ ಎರಡು ಗಂಟೆಯೊಳಗೆ ಎದ್ದು ಮೊಲೆ ಹಿಡಿಯದಿದ್ದರೆ ಗಿಣ್ಣು ಹಾಲು ಕರೆದು ಕುಡಿಸಬೇಕು. ಆಕಳು, ಎಮ್ಮೆ ಸಾಕಿದವರು ಮಾಸು ಬೀಳಲು ಅರ್ಧ ದಿನ ಕಾಯುತ್ತಾರೆ; ಕುದುರೆಯಲ್ಲಿ ಮೂರು ಗಂಟೆ ಮೀರಿದರೆ ಪಶುವೈದ್ಯರನ್ನು ಕೂಡಲೇ ಕರೆಸಬೇಕು.

ಜಾತ್ರೆಯಿಂದ, ಮದುವೆ ಮೆರವಣಿಗೆಯಿಂದ ಬಂದ ಯಾವ ಕುದುರೆಯನ್ನೂ ನೇರವಾಗಿ ಗುಂಪಿಗೆ ಸೇರಿಸದೆ ಕನಿಷ್ಠ ಒಂದು ತಿಂಗಳು ಬೇರೆ ಕಟ್ಟಬೇಕು. ಮನುಷ್ಯರಿಗೂ ಅಂಟುವ ಗ್ಲ್ಯಾಂಡರ್ಸ್ ಸೋಂಕಿನ ಪರೀಕ್ಷೆಗೆ ಪಶುಪಾಲನಾ ಇಲಾಖೆಯ ಮೂಲಕ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ರಕ್ತ ಕಳಿಸಬೇಕು. ಎಷ್ಟೇ ಎಚ್ಚರವಿದ್ದರೂ ಗಂಡುಗಳೆಲ್ಲ ಒಂದೇ ಸೂರಿನಡಿ ಇರಬಾರದು; ಲಿಪಿತ್ಸಾನರ್ ಬೆಳೆಸುವ ಆಸ್ಟ್ರಿಯಾದ ಪೀಬರ್ ಅಶ್ವಶಾಲೆಗೆ 1983ರಲ್ಲಿ ವೈರಸ್ ರೋಗ ಹೊಕ್ಕಾಗ ಹಳೆಯ ವಂಶದ ಅನೇಕ ಕುದುರೆಗಳು ಒಮ್ಮೆಲೇ ಹೋದವು.

ಹಟ್ಟಿಯವರೊಡನೆ ಒಪ್ಪಂದ ಬರಹದಲ್ಲಿರಲಿ: ಗಂಡಿನ ಸೇವೆ, ಧನುರ್ವಾಯು ಲಸಿಕೆ ಮತ್ತು ಜಂತುಹುಳುವಿನ ಔಷಧಿ ಉಚಿತ, ಮರಿ ಅವರದೇ, ಮಾರುವ ಮುನ್ನ ಪೇಟೆಯ ಬೆಲೆಗೆ ಮೊದಲ ಹಕ್ಕು ನಮ್ಮ ಲಾಯಕ್ಕೆ, ಹೊರಗಿನವರಿಗೆ ಹೋದರೆ ವಂಶಪುಸ್ತಕದ ನಕಲು ಮರಿಯೊಡನೆ ಹೋಗಬೇಕು.