ಬೆಲೆಯ ಲೆಕ್ಕ ಬಿಟ್ಟು ತೂಕದ ಲೆಕ್ಕ ಹಿಡಿದದ್ದು

ಪ್ಯಾರಿಸ್ಸಿನ ಒಂದು ಐಷಾರಾಮಿ ಸೌಂದರ್ಯವರ್ಧಕ ಬ್ರ್ಯಾಂಡಿನ ಹಸಿರುಮನೆ ಅನಿಲಗಳ ಲೆಕ್ಕ ಬರೆಯುವ ಕೆಲಸವನ್ನು ನಾನು ಬೆಂಗಳೂರಿನ ಕಚೇರಿಯಿಂದ ಮಾಡುತ್ತೇನೆ. 2030ರ ಹೊತ್ತಿಗೆ ಹೊರಸೂಸುವಿಕೆಯನ್ನು ಇಳಿಸುತ್ತೇವೆಂದು ಕಂಪನಿ ಬಹಿರಂಗವಾಗಿ ಮಾತು ಕೊಟ್ಟಿತ್ತು. ಆ ಮಾತು ನಡೆಯುತ್ತಿದೆಯೇ ಎಂದು ವರ್ಷವರ್ಷವೂ ಅಳೆಯಲು ಬೇಕಾದ ಆಧಾರ ವರ್ಷದ ಲೆಕ್ಕ ನನ್ನ ಪಾಲಿಗೆ ಬಂತು.

ಸ್ಕೋಪ್ 1 ಮತ್ತು 2, ಅಂದರೆ ಸ್ವಂತ ಬಾಯ್ಲರುಗಳ ಅನಿಲ ಮತ್ತು ಕೊಂಡ ವಿದ್ಯುತ್ತು, ಬಿಲ್ಲುಗಳನ್ನು ಕೂಡಿಸಿದರೆ ಮುಗಿಯುವ ಕೆಲಸ. ಫ್ರಾನ್ಸಿನ ವಿದ್ಯುತ್ತಿನ ದೊಡ್ಡ ಪಾಲು ಅಣುಸ್ಥಾವರಗಳಿಂದ ಬರುವುದರಿಂದ ಆ ಅಂಕಿ ಮೊದಲೇ ಚಿಕ್ಕದು. ಕಷ್ಟವೆಲ್ಲ ಇದ್ದದ್ದು ಸ್ಕೋಪ್ 3ರಲ್ಲಿ, ಅಂದರೆ ಸರಬರಾಜುದಾರರಿಂದ ಗ್ರಾಹಕರವರೆಗೆ ಕಂಪನಿಯ ಹೊರಗೆ ಆಗುವ ಉಳಿದೆಲ್ಲ ಹೊರಸೂಸುವಿಕೆಯಲ್ಲಿ. ಜಿಎಚ್‌ಜಿ ಪ್ರೊಟೊಕಾಲ್ ಎಂಬ, ಈ ಅನಿಲಗಳ ಲೆಕ್ಕಕ್ಕೆ ಜಗತ್ತೆಲ್ಲ ಬಳಸುವ ನಿಯಮಾವಳಿ, 2011ರ ಮಾನದಂಡದಲ್ಲಿ ಇದನ್ನು 15 ವಿಭಾಗಗಳಾಗಿ ಹಂಚಿದೆ. ಅವುಗಳಲ್ಲಿ ಮೊದಲನೆಯದಾದ, ಕೊಂಡ ಸರಕು ಮತ್ತು ಸೇವೆಗಳ ವಿಭಾಗವೇ ನನ್ನ ಹೆಚ್ಚಿನ ಸಮಯವನ್ನು ತೆಗೆದುಕೊಂಡಿತು.

ಮೊದಲ ವರ್ಷ ಖರ್ಚಿನ ಆಧಾರದ ಮೇಲೆ ಲೆಕ್ಕ ಹಾಕಿದೆ: ಸರಬರಾಜುದಾರರಿಗೆ ಕೊಟ್ಟ ಯೂರೋಗಳನ್ನು ಆ ಉದ್ಯಮದ ಸರಾಸರಿ ಗುಣಾಂಕದಿಂದ, ಅಂದರೆ ಒಂದು ಯೂರೋ ಖರ್ಚಿಗೆ ಎಷ್ಟು ಹೊರಸೂಸುವಿಕೆ ಎಂಬ ಅಂಕಿಯಿಂದ, ಗುಣಿಸುವುದು. ಮಾನದಂಡ ಇದಕ್ಕೆ ಅವಕಾಶ ಕೊಡುತ್ತದೆ. ಆದರೆ ಐಷಾರಾಮಿ ಸರಕಿನಲ್ಲಿ ಈ ವಿಧಾನ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಚ್ಚಳಕ್ಕೆ ಚಿನ್ನದ ಬಣ್ಣದ ಲೇಪ ಹಚ್ಚಿ ಬೆಲೆ ಏರಿಸಿದರೆ ಕಾಗದದ ಮೇಲೆ ಹೊರಸೂಸುವಿಕೆಯೂ ಏರುತ್ತದೆ, ಖರೀದಿ ವಿಭಾಗ ಚೌಕಾಸಿ ಮಾಡಿ ಬೆಲೆ ಇಳಿಸಿದರೆ ಅದೂ ಇಳಿಯುತ್ತದೆ. ಕುಲುಮೆಯಲ್ಲಿ ಉರಿಯುವ ಅನಿಲ ಮಾತ್ರ ಅಷ್ಟೇ ಇರುತ್ತದೆ.

ಹಾಗಾಗಿ ಎರಡನೆಯ ವರ್ಷ ತೂಗಲು ಕುಳಿತೆ. 50 ಮಿಲಿಲೀಟರ್ ಕ್ರೀಮಿನ ಒಂದು ಡಬ್ಬಿಯನ್ನು ಮೇಜಿನ ಮೇಲೆ ಬಿಚ್ಚಿ, ಚಿನ್ನ ತೂಗುವಂಥ ಪುಟ್ಟ ತಕ್ಕಡಿಯಲ್ಲಿ ಪೆಟ್ಟಿಗೆ, ಮುಚ್ಚಳ, ಚಮಚ, ಮಡಚಿದ ಕರಪತ್ರ ಎಲ್ಲವನ್ನೂ ಒಂದೊಂದಾಗಿ ಇಟ್ಟೆ. ಗಾಜೊಂದೇ 190 ಗ್ರಾಂ ತೂಗಿತು. ಒಳಗೊಂದು ತೆಳ್ಳನೆಯ ಪ್ಲಾಸ್ಟಿಕ್ ಬಟ್ಟಲಿತ್ತು, ಕ್ರೀಮು ತುಂಬಿದ್ದು ಅದರಲ್ಲಿ. ಗಾಜಿಗೆ ಕ್ರೀಮು ಸೋಕುತ್ತಲೂ ಇರಲಿಲ್ಲ. ಗಾಜು ಇದ್ದದ್ದು ಕೈಗೆ ಭಾರವೆನಿಸಲೆಂದು ಮಾತ್ರ.

ಆ ಭಾರಕ್ಕೆ ತೆರುವ ಬೆಲೆ ದೊಡ್ಡದು. ಉತ್ತರ ಫ್ರಾನ್ಸಿನ ಬ್ರೆಲ್ ಕಣಿವೆ ಇಂಥ ಸೀಸೆಗಳಿಗೆ ಹೆಸರಾದ ಜಾಗ. ಗಾಜಿನ ಕುಲುಮೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಗಲಿರುಳು ಉರಿಯಬೇಕು. ಇಂಧನವಷ್ಟೇ ಅಲ್ಲದೆ, ಕಚ್ಚಾವಸ್ತುಗಳಾದ ಸುಣ್ಣಕಲ್ಲು ಮತ್ತು ಸೋಡಾ ಬೂದಿಯೂ ಕರಗುವಾಗ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಹಳೆಯ ಗಾಜನ್ನು ಬೆರೆಸಿದರೆ ಎರಡೂ ತಗ್ಗುತ್ತವೆ. ಆದರೆ ಇಲ್ಲಿ ಬೇಕಾದದ್ದು ಬಣ್ಣದ ಛಾಯೆಯಿಲ್ಲದ ಬಿಳಿ ಗಾಜು, ಬೀದಿಯಲ್ಲಿ ಸಂಗ್ರಹಿಸಿದ ಬೆರಕೆ ಗಾಜು ಅದಕ್ಕೆ ಒಗ್ಗುವುದಿಲ್ಲ. ನಾನು ಮೊದಲು ಕುಲುಮೆಯ ಅನಿಲವನ್ನು ಕರಗಿಸಿದ ಗಾಜಿನ ಟನ್ನುಗಳಿಂದ ಭಾಗಿಸಿದ್ದೆ. ಸರಬರಾಜುದಾರರ ಎಂಜಿನಿಯರ್ ಒಬ್ಬರು ಅದನ್ನು ತಿದ್ದಿದರು: ಕಣ್ಣಿಗೆ ಕಂಡೂ ಕಾಣದ ಗುಳ್ಳೆಯಿದ್ದರೂ ಸೀಸೆ ತಿರಸ್ಕೃತವಾಗಿ ಮತ್ತೆ ಕುಲುಮೆಗೆ ಹೋಗುವುದರಿಂದ, ಭಾಗಿಸಬೇಕಾದದ್ದು ತಪಾಸಣೆಯಲ್ಲಿ ಪಾಸಾದ ಗಾಜಿನಿಂದ. ಹಾಗೆ ಮಾಡಿದಾಗ ನಮ್ಮ ಅಂಕಿ ಏರಿತು, ಏರಿದ್ದನ್ನೇ ಬರೆದೆ.

ಇದೇ ಭಾರ ಸಾಗಣೆಯಲ್ಲೂ ಎದುರಾಗುತ್ತದೆ. ಬಿಡುಗಡೆಯ ದಿನಾಂಕ ಹತ್ತಿರವಾಯಿತೆಂದು ಹಡಗಿನ ಬದಲು ವಿಮಾನ ಹಿಡಿದರೆ, ಒಂದು ಟನ್ ಸರಕನ್ನು ಒಂದು ಕಿಲೋಮೀಟರ್ ಒಯ್ಯುವ ಹೊರಸೂಸುವಿಕೆ ಹತ್ತಾರು ಪಟ್ಟು ಹೆಚ್ಚುತ್ತದೆ. ಗ್ರಾಹಕರು ಮುಖ ತೊಳೆಯಲು ಕಾಯಿಸುವ ನೀರಿನ ಲೆಕ್ಕ ಮಾನದಂಡದ ಪ್ರಕಾರ ಐಚ್ಛಿಕ. ಅದನ್ನು ಬೇರೆ ಸಾಲಿನಲ್ಲಿ ತೋರಿಸಿದೆ.

ಗುರಿಯ ಭಾಷೆಯ ಬಗ್ಗೆ ನಡೆದ ಚರ್ಚೆ ಇದಕ್ಕಿಂತ ದೀರ್ಘವಾಗಿತ್ತು. 2020ರಲ್ಲಿ ಲೋರಿಯಲ್, 2016ಕ್ಕೆ ಹೋಲಿಸಿ 2030ರೊಳಗೆ ಪ್ರತಿ ಸಿದ್ಧ ಉತ್ಪನ್ನದ ಹೊರಸೂಸುವಿಕೆಯನ್ನು 50 ಶೇಕಡಾ ಇಳಿಸುವುದಾಗಿ ಹೇಳಿತು. ಅದೇ ವರ್ಷ ಶನೆಲ್, 2018ಕ್ಕೆ ಹೋಲಿಸಿ ತನ್ನ ಸರಬರಾಜು ಸರಪಳಿಯಲ್ಲಿ ಮಾರಾಟವಾದ ಪ್ರತಿ ಉತ್ಪನ್ನಕ್ಕೆ 40 ಶೇಕಡಾ ಎಂದಿತು. ನಮ್ಮ ಗುರಿಯೂ ಹೀಗೆ 'ಪ್ರತಿ ಉತ್ಪನ್ನಕ್ಕೆ' ಎಂದೇ ಇತ್ತು. ಪ್ರತಿ ಡಬ್ಬಿಗೆ 40 ಶೇಕಡಾ ಇಳಿಸಿ ಮಾರಾಟವನ್ನು 70 ಶೇಕಡಾ ಏರಿಸಿದರೆ ಒಟ್ಟು ಹೊರಸೂಸುವಿಕೆ ಮೊದಲಿಗಿಂತ 2 ಶೇಕಡಾ ಹೆಚ್ಚೇ ಆಗುತ್ತದೆ. ವಾತಾವರಣಕ್ಕೆ ಸೇರುವುದು ಆ ಒಟ್ಟು ಮೊತ್ತ. ಆದ್ದರಿಂದ ವರದಿಯಲ್ಲಿ ಎರಡೂ ಕಾಲಂ ಇರಲೇಬೇಕೆಂದು ಪಟ್ಟು ಹಿಡಿದೆ, ಮೂರು ಸಭೆಗಳ ನಂತರ ಒಪ್ಪಿಗೆ ಸಿಕ್ಕಿತು. ಪೆಟ್ಟಿಗೆಯ ಮೇಲಿನ 'ಕಾರ್ಬನ್ ನ್ಯೂಟ್ರಲ್' ಎಂಬ ಮಾತನ್ನೂ ತೆಗೆಸಿದೆವು. ಕೊಂಡ ಆಫ್‌ಸೆಟ್‌ಗಳ (ಬೇರೆಡೆ ನಡೆದ ಇಂಗಾಲ ಕಡಿತಕ್ಕೆ ಹಣ ಕೊಟ್ಟು ಪಡೆದ ಪತ್ರಗಳ) ಬಲದಿಂದ ಉತ್ಪನ್ನಕ್ಕೆ ಹಾಗೆ ಹೇಳಿಕೊಳ್ಳುವುದನ್ನು ಐರೋಪ್ಯ ಒಕ್ಕೂಟದ 2024ರ ನಿರ್ದೇಶನ ನಿಷೇಧಿಸುತ್ತದೆ, ಅದು 2026ರ ಸೆಪ್ಟೆಂಬರ್ 27ರಿಂದ ಅನ್ವಯವಾಗುತ್ತದೆ.

ಆ ಡಬ್ಬಿಯ ಗಾಜು ಈಗ 130 ಗ್ರಾಂಗೆ ಇಳಿದಿದೆ, ಒಳಗಿನ ಬಟ್ಟಲು ರೀಫಿಲ್ ಆಗಿ ಬೇರೆಯಾಗಿ ಮಾರಾಟವಾಗುತ್ತಿದೆ. ಆದರೆ ರೀಫಿಲ್ ಕೊಂಡವರು ಹಳೆಯ ಡಬ್ಬಿಯನ್ನು ಉಳಿಸಿಕೊಂಡಿದ್ದರೆ ಮಾತ್ರ ಗಾಜು ಉಳಿಯುತ್ತದೆ. ಒಂದು ಡಬ್ಬಿಗೆ ಎಷ್ಟು ರೀಫಿಲ್ ಮಾರಾಟವಾಯಿತೆಂಬ ಅಂಗಡಿವಾರು ಅಂಕಿ ಕೇಳಿ ಬರೆದಿದ್ದೇನೆ; ಅದು ಬರುವವರೆಗೆ ಉಳಿತಾಯದ ಸಾಲನ್ನು ಖಾಲಿ ಬಿಟ್ಟಿದ್ದೇನೆ.