ಕಿವಿಗೆ ಬಾಯಿಪಾಠವಾದ ನಾಲ್ಕು ತಟ್ಟೆ

ಹೊಸ ಸ್ಪೀಕರ್ ಅಥವಾ ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸುವ ಯಂತ್ರ) ಕೊಳ್ಳಲು ಹೋದಾಗ ಅಂಗಡಿಯವರು ಹಾಕುವ ರೆಕಾರ್ಡನ್ನು ನಂಬಬೇಡಿ. ಅದು ಎಂಥ ಪೆಟ್ಟಿಗೆಯಲ್ಲೂ ಚೆನ್ನಾಗಿಯೇ ಕೇಳುತ್ತದೆ, ಆರಿಸಿರುವುದೇ ಅದಕ್ಕೆ. ಮಡಿಕೇರಿಯಿಂದ ಮೈಸೂರಿಗೆ ಇಳಿಯುವಾಗ ನನ್ನ ಚೀಲದಲ್ಲಿ, ಪರೀಕ್ಷೆಗೆಂದು, ನನ್ನವೇ ನಾಲ್ಕು ರೆಕಾರ್ಡ್ ತಟ್ಟೆಗಳಿರುತ್ತವೆ. ಅವು ಅತ್ಯುತ್ತಮ ಧ್ವನಿಮುದ್ರಣಗಳೇನಲ್ಲ, ನೂರಾರು ಸಲ ಕೇಳಿದವು, ಅಷ್ಟೇ.

ಮೊದಲು ಕಾಲ ನೋಡಿ. ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಈ ಕೆಲಸಕ್ಕೆ ಕೂರಬೇಡಿ. ಒಮ್ಮೆ ಚಟಪಟ ಸದ್ದು ಬರುತ್ತಿದೆಯೆಂದು ಸೂಜಿಯನ್ನೇ ಬದಲಿಸಿದೆ. ಸದ್ದು ಹಿತ್ತಲಿನ ತಗಡಿನ ಮೇಲೆ ಬೀಳುತ್ತಿದ್ದ ಮಳೆಯದು! ಮಳೆಗಾಲ ಕಳೆದ ಮೇಲೆ ಕವರುಗಳನ್ನು ತೆರೆದು ಬೂಷ್ಟು ಹಿಡಿದಿದೆಯೇ ನೋಡಿ, ತಟ್ಟೆಯನ್ನು ಒರೆಸಿದ ಮೇಲೆಯೇ ಸೂಜಿ ಇಳಿಸಿ.

ಮೊದಲನೆಯದು ವೇಗಕ್ಕೆ. ತಂಬೂರಿಯ ಶ್ರುತಿ ಎಡೆಬಿಡದೆ ಕೇಳುವ, ವಿಲಂಬಿತದ ಆಲಾಪವಿರುವ ಎಲ್‌ಪಿ (ನಿಮಿಷಕ್ಕೆ 33⅓ ಸುತ್ತು ತಿರುಗುವ ದೊಡ್ಡ ತಟ್ಟೆ) ಆರಿಸಿ. ಮೋಟಾರು ತಡವರಿಸಿದರೆ ಶ್ರುತಿ ಅಲುಗುತ್ತದೆ. ಅನುಮಾನ ಬಂದರೆ ತಟ್ಟೆಯ ಕೆಳಗೆ ಕಾಗದದ ಚೂರೊಂದನ್ನು ಅಂಚಿನಿಂದ ಹೊರಚಾಚುವಂತೆ ಇಟ್ಟು, ಮೂರು ನಿಮಿಷ ಸುತ್ತು ಎಣಿಸಿ. ಸರಿಯಾಗಿ 100 ಬರಬೇಕು.

ಎರಡನೆಯದು ಹಳೆಯ ಮೊನೊ ಚಿತ್ರಗೀತೆ, ಅಂದರೆ ಎರಡೂ ಸ್ಪೀಕರಿನಲ್ಲಿ ಒಂದೇ ದನಿ ಬರುವಂಥದ್ದು. ಎರಡು ಸ್ಪೀಕರುಗಳ ನಟ್ಟನಡುವೆ ಕುಳಿತರೆ ಹಾಡುವವರು ಎದುರಿಗೇ ನಿಂತಂತೆ ಕೇಳಬೇಕು. ದನಿ ಒಂದು ಪಕ್ಕಕ್ಕೆ ವಾಲಿದರೆ ದೋಷ ಹಾಡಿನದಲ್ಲ, ಸಲಕರಣೆಯದು ಅಥವಾ ಜೋಡಣೆಯದು.

ಮೂರನೆಯದೇ ಕಠಿಣ. ಹೆಣ್ಣುದನಿಯ ಎಲ್‌ಪಿ ತೆಗೆದು ಅದರ ಒಂದು ಮಗ್ಗುಲಿನ ಕೊನೆಯ ಹಾಡನ್ನೇ ಹಾಕಿ. ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಸರಿದರೆ, ಒಳಗೆ ಲೇಬಲ್ಲಿನ ಬಳಿ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಹಾಡು ಇಕ್ಕಟ್ಟಿನಲ್ಲಿ ತುರುಕಿಕೊಂಡಂತೆ. ಸೂಜಿ ಸವೆದಿದ್ದರೆ ಅಥವಾ ಓರೆಯಾಗಿ ಕುಳಿತಿದ್ದರೆ ‘ಸ’ಕಾರ, ‘ಶ’ಕಾರಗಳು ಇಲ್ಲಿಯೇ ಬುಸುಗುಡುತ್ತವೆ. ಮೊದಲ ಹಾಡು ಕೇಳಿಸಿ ಕಳುಹಿಸುವ ಅಂಗಡಿಯಲ್ಲಿ ಇದು ಗೊತ್ತೇ ಆಗುವುದಿಲ್ಲ.

ನಾಲ್ಕನೆಯದು ಚರ್ಮವಾದ್ಯ. ಕೊಡಗಿನ ಸುಗ್ಗಿಹಬ್ಬ ಹುತ್ತರಿಯಲ್ಲಿ ಬಾರಿಸುವ ದುಡಿಯನ್ನು, ಆ ಪುಟ್ಟ ಚರ್ಮವಾದ್ಯವನ್ನು, ಎದುರಿಗೇ ನಿಂತು ಕೇಳಿದವರು ನಾವು. ಪೆಟ್ಟು ಹೇಗೆ ಎದ್ದು ಹೇಗೆ ಥಟ್ಟನೆ ಅಡಗುತ್ತದೆಂದು ಬಲ್ಲೆವು. ಮೃದಂಗದ ತನಿ ಆವರ್ತನ (ಕಛೇರಿಯಲ್ಲಿ ಲಯವಾದ್ಯವಷ್ಟೇ ನುಡಿಯುವ ಭಾಗ) ಇರುವ ರೆಕಾರ್ಡ್ ಹಾಕಿ. ಪೆಟ್ಟು ಮುಗಿದ ಮೇಲೂ ಪೆಟ್ಟಿಗೆ ಗುಂಯ್‌ಗುಡುತ್ತಿದ್ದರೆ ಅದನ್ನು ಅಲ್ಲಿಯೇ ಬಿಟ್ಟು ಬನ್ನಿ.

ಅಜ್ಜನ ಕಾಲದ, ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಗಳನ್ನು ಒಯ್ಯಬೇಡಿ. ಅವುಗಳ ಗೆರೆ ಅಗಲ, ಎಲ್‌ಪಿಯ ಸೂಜಿ ಹೊಂದುವುದಿಲ್ಲ.

ಎರಡು ಸ್ಪೀಕರುಗಳನ್ನು ಹೋಲಿಸುವಾಗ ದನಿಯ ಮಟ್ಟ ಒಂದೇ ಇರಲಿ, ಜೋರಾಗಿರುವುದೇ ಚೆನ್ನಾಗಿದೆ ಎನಿಸಿಬಿಡುತ್ತದೆ. ಮನೆಗೆ ತಂದ ಮೇಲೆ ಇನ್ನೊಮ್ಮೆ ಕೇಳಿ. ನಮ್ಮದು ಹಲಗೆ ನೆಲ. ಯಾರಾದರೂ ಕಾಫಿ ಹಿಡಿದು ಒಳಬಂದರೆ ಸಾಕು, ಸೂಜಿ ಹಾರುತ್ತದೆ. ಈಗ ಟರ್ನ್‌ಟೇಬಲನ್ನು ಗೋಡೆಗೆ ಬಡಿದ ಹಲಗೆಯ ಮೇಲೆ ಇಟ್ಟಿದ್ದೇನೆ.