ಮೇಳಕ್ಕೆ ಹೋಗಿ, ಮುಂಗಡ ಮಾತ್ರ ಅಲ್ಲಿ ಕೊಡಬೇಡಿ

ಮದುವೆ ಮೇಳಕ್ಕೆ ಹೋದ ಮದುಮಗಳು, ಜೊತೆಗೆ ಹೋದ ಅಮ್ಮ, ಅತ್ತಿಗೆ ಎಲ್ಲರೂ ಎಡವುವುದು ಒಂದೇ ಕಡೆ. ಮಳಿಗೆಯವರು ‘ಇವತ್ತೇ ಬುಕ್ ಮಾಡಿದರೆ ರಿಯಾಯಿತಿ’ ಎಂದ ಕೂಡಲೇ ಐದೋ ಹತ್ತೋ ಸಾವಿರ ಮುಂಗಡ ಕೊಟ್ಟುಬಿಡುತ್ತಾರೆ. ಮನೆಗೆ ಬಂದು ಚೀಟಿ ಬಿಡಿಸಿ ನೋಡಿದರೆ ಒಂದು ಮೊತ್ತ, ಒಂದು ಸಹಿ, ಅಷ್ಟೇ. ಆ ದರದಲ್ಲಿ ಏನು ಸೇರಿದೆ, ಏನು ಸೇರಿಲ್ಲ ಎಂಬುದು ಎಲ್ಲೂ ಇರುವುದಿಲ್ಲ. ಶಿವಮೊಗ್ಗದ ಮೇಳವಿರಲಿ, ಬೆಂಗಳೂರಿನ ದೊಡ್ಡ ಎಕ್ಸ್‌ಪೋ ಇರಲಿ, ಅಲ್ಲಿಗೆ ಹೋಗಬೇಕಾದದ್ದು ನೋಡುವುದಕ್ಕೆ, ಕೇಳುವುದಕ್ಕೆ, ದರಪಟ್ಟಿ ತರುವುದಕ್ಕೆ. ಗೊತ್ತು ಮಾಡುವ ಕೆಲಸ ಆಮೇಲಿನದು.

ಮೊದಲು ಛತ್ರ, ಆಮೇಲೆ ಮೇಳ

ಮುಹೂರ್ತ ಮತ್ತು ಛತ್ರ ಗೊತ್ತಾಗದೆ ಮೇಳಕ್ಕೆ ಹೋದರೆ ಆ ದಿನ ದಂಡ. ದಿನ ಹೇಳದಿದ್ದರೆ ಯಾರೂ ನಿಜವಾದ ದರ ಹೇಳುವುದಿಲ್ಲ. ವೇದಿಕೆಯ ಅಳತೆ ತಿಳಿಯದೆ ಅಲಂಕಾರದವರ ಜೊತೆ ಮಾತಾಡುವುದರಲ್ಲಿ ಅರ್ಥವಿಲ್ಲ. ಏಪ್ರಿಲ್-ಮೇ ಮುಹೂರ್ತವಾದರೆ ಕನಿಷ್ಠ ಆರು ತಿಂಗಳು ಮುಂಚೆ ಛತ್ರ ಹಿಡಿಯಿರಿ. ಹಿಡಿಯುವಾಗ ಬಾಡಿಗೆಯ ಜೊತೆಗೇ ಇಷ್ಟನ್ನು ಕೇಳಿ ಬರೆದುಕೊಳ್ಳಿ: ಹಿಂದಿನ ದಿನ ಎಷ್ಟು ಗಂಟೆಗೆ ಬೀಗ ಕೊಡುತ್ತಾರೆ, ಮದುವೆ ದಿನ ಎಷ್ಟಕ್ಕೆ ಬಿಟ್ಟುಕೊಡಬೇಕು, ಪಾತ್ರೆ ಯಾರದು, ಕರೆಂಟು ಮೀಟರ್ ಲೆಕ್ಕವೋ ಬಾಡಿಗೆಯಲ್ಲೇ ಸೇರಿದೆಯೋ, ಸ್ವಚ್ಛತೆಗೆ ಬೇರೆ ಹಣವೇ, ಹೊರಗಿನ ಅಡುಗೆಯವರನ್ನು, ಅಲಂಕಾರದವರನ್ನು ಒಳಗೆ ಬಿಡುತ್ತಾರೆಯೇ. ಈ ಕೊನೆಯದನ್ನು ಕೇಳಲು ಮರೆಯುವವರೇ ಹೆಚ್ಚು. ಕೆಲವು ಛತ್ರಗಳಲ್ಲಿ ತಮ್ಮ ಪಟ್ಟಿಯ ಕೇಟರಿಂಗ್‌ನವರೇ ಆಗಬೇಕು, ಇಲ್ಲವಾದರೆ ಅಡುಗೆಮನೆಗೆ ಬೇರೆ ಶುಲ್ಕ. ಅಂಥ ಕಡೆ ಛತ್ರ ಹಿಡಿದು ಮೇಳದಲ್ಲಿ ಅಡುಗೆಯವರಿಗೆ ಮುಂಗಡ ಕೊಟ್ಟರೆ ಆ ಹಣ ಹೋದ ಹಾಗೆಯೇ.

ವೇದಿಕೆಯ ಉದ್ದ, ಅಗಲ, ಎತ್ತರ, ಊಟದ ಹಾಲ್‌ನಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ, ಈ ಅಳತೆಗಳನ್ನು ಒಂದು ಹಾಳೆಯಲ್ಲಿ ಬರೆದು ಕೈಯಲ್ಲಿ ಇಟ್ಟುಕೊಂಡೇ ಮೇಳಕ್ಕೆ ಹೊರಡಿ.

ಮೇಳದಲ್ಲಿ

ಬೆಳಿಗ್ಗೆ ಬಾಗಿಲು ತೆಗೆದ ಮೊದಲ ಒಂದು ಗಂಟೆಯಲ್ಲಿ ಹೋಗಿ. ಸಂಜೆಯ ಹೊತ್ತಿಗೆ ಮಾಲೀಕರು ಹೋಗಿ ಹುಡುಗರು ಮಾತ್ರ ಉಳಿದಿರುತ್ತಾರೆ, ಅವರಿಗೆ ದರ ತಿಳಿದಿರುವುದಿಲ್ಲ. ಮೊದಲ ಸುತ್ತಿನಲ್ಲಿ ಯಾವ ಮಳಿಗೆಯಲ್ಲೂ ಕೂರಬೇಡಿ. ಎರಡನೇ ಸುತ್ತಿನಲ್ಲಿ ಹಿಡಿಸಿದವರ ಹತ್ತಿರ ಮೂರೇ ಪ್ರಶ್ನೆ. ನಮ್ಮ ಮುಹೂರ್ತದ ದಿನ ನೀವು ಇನ್ನೆಷ್ಟು ಮದುವೆ ಒಪ್ಪಿಕೊಂಡಿದ್ದೀರಿ? ನಮ್ಮ ಮದುವೆಗೆ ಬರುವವರು ನೀವೋ, ನಿಮ್ಮ ಕಡೆಯವರೋ? ದರದಲ್ಲಿ ಜಿಎಸ್‌ಟಿ, ಸಾಗಾಟ, ಹುಡುಗರ ಊಟ-ವಸತಿ ಸೇರಿದೆಯೇ? ಮೊದಲ ಪ್ರಶ್ನೆಗೆ ತಡವರಿಸಿದವರನ್ನು ಬಿಟ್ಟುಬಿಡಿ. ಒಳ್ಳೆಯ ಮುಹೂರ್ತದ ಭಾನುವಾರ ಒಂದೇ ತಂಡ ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಮೂರೂ ಕಡೆ ಒಪ್ಪಿಕೊಂಡರೆ ನಿಮ್ಮ ಪಾಲಿಗೆ ಬರುವುದು ಹೊಸಬರು.

ಲಕ್ಕಿ ಕೂಪನ್‌ಗೆ ಮದುಮಗಳ ನಂಬರ್ ಬರೆಯಬೇಡಿ, ಆಮೇಲೆ ಕರೆಗಳ ಕಾಟ ತಪ್ಪುವುದಿಲ್ಲ. ರಿಯಾಯಿತಿಯ ಗಡುವಿಗೂ ಹೆದರಬೇಡಿ. ‘ಈ ದರವನ್ನೇ ಹತ್ತು ದಿನದ ಮಟ್ಟಿಗೆ ಬರೆದುಕೊಡಿ’ ಎಂದರೆ ವ್ಯಾಪಾರ ಬೇಕಾದವರು ಬರೆದುಕೊಡುತ್ತಾರೆ.

ಇನ್ನೊಂದು ಮಾತು: ಮಲೆನಾಡಿನ ಒಳ್ಳೆಯ ಅಡುಗೆ ಭಟ್ಟರು, ವಾಲಗದವರು, ಬಾಸಿಂಗ ಮಾಡುವವರು ಬಹುಪಾಲು ಮೇಳದಲ್ಲಿ ಮಳಿಗೆ ಹಾಕುವುದೇ ಇಲ್ಲ. ಇವರನ್ನು ಬೇರೆಯವರ ಮದುವೆಯಲ್ಲೇ ಹುಡುಕಬೇಕು.

ಅಡುಗೆ: ತಕರಾರು ಹುಟ್ಟುವುದು ಇಲ್ಲೇ

ಮೊದಲು ತೀರ್ಮಾನಿಸಬೇಕಾದದ್ದು ಸಾಮಾನು ಯಾರದು ಎಂದು. ಭಟ್ಟರು ಪಟ್ಟಿ ಕೊಟ್ಟು, ನೀವು ಸಾಮಾನು ತಂದು, ಅವರಿಗೆ ಕೂಲಿ ಕೊಡುವುದು ಒಂದು ಕ್ರಮ. ಎಲೆಗೆ ಇಷ್ಟು ಎಂದು ಪೂರ್ತಿ ಗುತ್ತಿಗೆ ಕೊಡುವುದು ಇನ್ನೊಂದು. ತೋಟದ ಮನೆಯವರಿಗೆ ತೆಂಗಿನಕಾಯಿ, ಬಾಳೆಎಲೆ, ಬಾಳೆಹಣ್ಣು, ತರಕಾರಿ ಮನೆಯಲ್ಲೇ ಇರುವುದರಿಂದ ಮೊದಲನೆಯದು ಅಗ್ಗ. ಆದರೆ ಅದಕ್ಕೆ ಉಗ್ರಾಣದಲ್ಲಿ ಬೀಗದ ಕೈ ಹಿಡಿದು ಎರಡು ದಿನ ಕೂರುವ, ತುಪ್ಪ ಗೋಡಂಬಿಗಳನ್ನು ಅಳೆದು ಕೊಡುವ ಒಬ್ಬ ಗಟ್ಟಿ ಮನುಷ್ಯ ಬೇಕು. ಅಂಥವರು ಸಿಗದಿದ್ದರೆ ಆ ದಾರಿ ಹಿಡಿಯಬೇಡಿ. ಮದುಮಗಳ ಅಪ್ಪನೇ ಉಗ್ರಾಣ ನೋಡಿಕೊಳ್ಳುತ್ತೇನೆ ಎಂದರೆ ಧಾರೆಯ ಹೊತ್ತಿಗೆ ಅವರನ್ನು ಅಡುಗೆಮನೆಯಿಂದ ಹುಡುಕಿ ತರಬೇಕಾಗುತ್ತದೆ. ಭಟ್ಟರ ಪಟ್ಟಿಯನ್ನೂ ತೂಗಿ ನೋಡಿ: ಪೂರ್ತಿ ಊಟದಲ್ಲಿ ಅನ್ನಕ್ಕೆ 100 ಎಲೆಗೆ ಸುಮಾರು 10 ಕೆ.ಜಿ. ಅಕ್ಕಿ ಸಾಕು. ಪಟ್ಟಿಯಲ್ಲಿ ಇದರ ಎರಡು ಪಾಲು ಬರೆದಿದ್ದರೆ ಕಾರಣ ಕೇಳಿ.

ಎಲೆ ಲೆಕ್ಕದ ಗುತ್ತಿಗೆಯಲ್ಲಿ ದರಕ್ಕಿಂತ ಎಣಿಕೆ ಮುಖ್ಯ. ಎಲೆಗೆ 280 ರೂಪಾಯಿ ಎನ್ನುವವರಿಗಿಂತ 220 ಎನ್ನುವವರ ಬಿಲ್ಲು ದೊಡ್ಡದಾಗಬಹುದು. ಏಕೆಂದರೆ 220ರಲ್ಲಿ ಬೆಳಗಿನ ತಿಂಡಿ, ಹಿಂದಿನ ರಾತ್ರಿಯ ಊಟ, ಕಾಫಿ, ನೀರು, ಬಡಿಸುವವರು ಇವೆಲ್ಲ ಬೇರೆ ಬೇರೆ. ಆದ್ದರಿಂದ ಎಲ್ಲರಿಂದಲೂ ಒಂದೇ ನಮೂನೆಯಲ್ಲಿ ದರ ಬರೆಸಿ: ಹಿಂದಿನ ರಾತ್ರಿ ಇಷ್ಟು ಎಲೆ, ಬೆಳಿಗ್ಗೆ ಇಷ್ಟು ತಿಂಡಿ, ಮಧ್ಯಾಹ್ನ ಇಷ್ಟು ಎಲೆ, ಆರತಕ್ಷತೆ ಇದ್ದರೆ ಅದು ಬೇರೆ. ‘ಎರಡು ಸಿಹಿ’ ಎಂದು ಬರೆಸಬೇಡಿ, ‘ಕಾಯಿ ಹೋಳಿಗೆ, ಚಿರೋಟಿ’ ಎಂದೇ ಬರೆಸಿ. ಹೋಳಿಗೆಗೆ ತುಪ್ಪವೋ ಹಾಲೋ, ಎರಡನೇ ಸಲ ಬಡಿಸುತ್ತಾರೋ ಇಲ್ಲವೋ, ಅದೂ ಇರಲಿ.

ಎಣಿಕೆಯ ಕ್ರಮ ಹೀಗಿರಲಿ. ಪ್ರತಿ ಪಂಕ್ತಿ ಕೂತ ಮೇಲೆ, ಅನ್ನ ಬಡಿಸುವ ಹೊತ್ತಿಗೆ, ನಿಮ್ಮ ಕಡೆಯವರೊಬ್ಬರು ಮತ್ತು ಅಡುಗೆಯವರ ಕಡೆಯವರೊಬ್ಬರು ಸಾಲು ಹಿಡಿದು ಎಣಿಸಿ, ಒಂದೇ ಪುಸ್ತಕದಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಎಲೆಯ ಕಟ್ಟುಗಳ ಲೆಕ್ಕವನ್ನು ಒಪ್ಪಿಕೊಳ್ಳಬೇಡಿ. ಹರಿದ ಎಲೆ, ಎರಡು ಸೇರಿಸಿ ಹಾಸಿದ ಎಲೆ, ಕೊನೆಯ ಪಂಕ್ತಿಯಲ್ಲಿ ಹಾಕಿ ಯಾರೂ ಕೂರದೆ ಉಳಿದ ಎಲೆ, ಇವೆಲ್ಲ ನಿಮ್ಮ ತಲೆಗೇ ಬರುತ್ತವೆ. ವಾಲಗದವರು, ಫೋಟೋದವರು, ಬಸ್ ಚಾಲಕರು, ಬಡಿಸುವವರು ಉಂಡದ್ದು ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಮೊದಲೇ ಬರೆದಿಡಿ. ಮದುವೆ ಮುಗಿದು ಎಲ್ಲರೂ ದಣಿದಿರುವಾಗ ಜಗಳವಾಗುವುದು ಈ ಎಲೆಗಳಿಗೇ.

ಎಷ್ಟು ಎಲೆ ಹೇಳಬೇಕು? ಮಲೆನಾಡಿನಲ್ಲಿ ಕರೆಯುವುದು ಮನೆ ಲೆಕ್ಕದಲ್ಲಿ, ಉಣ್ಣುವುದು ತಲೆ ಲೆಕ್ಕದಲ್ಲಿ. ಕರೆಯೋಲೆಯ ಸಂಖ್ಯೆಯನ್ನು ನಾಲ್ಕರಿಂದ ಗುಣಿಸುವುದು ಸುಲಭ, ಆದರೆ ಅದು ನಿಲ್ಲುವುದಿಲ್ಲ. ಪಟ್ಟಿಯಲ್ಲಿ ಒಂದೊಂದು ಮನೆಯ ಮುಂದೆಯೂ ‘ಎಲ್ಲರೂ’, ‘ಇಬ್ಬರು’, ‘ಒಬ್ಬರು’ ಎಂದು ಬರೆಯಿರಿ. ಅದೇ ದಿನ ಊರಿನಲ್ಲಿ ಬೇರೆ ಮದುವೆ ಇದ್ದರೆ ಆ ಊರಿನ ಲೆಕ್ಕವನ್ನು ಅರ್ಧಕ್ಕೆ ಇಳಿಸಿ. ಒಪ್ಪಂದದಲ್ಲಿ ಕನಿಷ್ಠ ಎಲೆ ಎಂದು ಒಂದು ಸಂಖ್ಯೆ ಇರುತ್ತದೆ, ಬಂದವರು ಕಡಿಮೆಯಾದರೂ ಅಷ್ಟಕ್ಕೆ ಹಣ ಕೊಡಬೇಕು. ಅದನ್ನು ನಿಮ್ಮ ಅಂದಾಜಿಗಿಂತ ಹತ್ತರಲ್ಲಿ ಒಂದು ಪಾಲು ಕಡಿಮೆ ಹಿಡಿದು, ಅಂತಿಮ ಸಂಖ್ಯೆಯನ್ನು ಮೂರು ದಿನ ಮುಂಚೆ ತಿಳಿಸುವುದಾಗಿ ಬರೆಸಿ.

ಪಂಕ್ತಿಯ ಲೆಕ್ಕವನ್ನೂ ಹಾಕಿ ನೋಡಿ. ಹಾಲ್‌ನಲ್ಲಿ 200 ಎಲೆ ಹಿಡಿದರೆ, ಉಂಡು ಎದ್ದು, ಎಲೆ ತೆಗೆದು, ಮೇಜು ಒರೆಸಿ ಮುಂದಿನ ಪಂಕ್ತಿ ಕೂರಲು 40 ನಿಮಿಷ ಬೇಕು. 800 ಜನಕ್ಕೆ ನಾಲ್ಕು ಪಂಕ್ತಿ, ಅಂದರೆ 2 ಗಂಟೆ 40 ನಿಮಿಷ. 12.30ಕ್ಕೆ ಮೊದಲ ಪಂಕ್ತಿ ಕೂತರೆ ಕೊನೆಯದು ಏಳುವುದು 3.10ಕ್ಕೆ. 200 ಎಲೆಗೆ ಬಡಿಸುವವರು 15 ಜನಕ್ಕಿಂತ ಕಡಿಮೆಯಿದ್ದರೆ ಈ ಲೆಕ್ಕ ಕೆಡುತ್ತದೆ: ಒಂದು ತುದಿಯಲ್ಲಿ ಸಾರು ಬಡಿಸುವಾಗ ಇನ್ನೊಂದು ತುದಿಗೆ ಪಲ್ಯವೂ ಬಂದಿರುವುದಿಲ್ಲ. ಬಡಿಸುವವರ ಸಂಖ್ಯೆಯನ್ನೂ ಒಪ್ಪಂದದಲ್ಲಿ ಬರೆಸಿ.

ರುಚಿ ನೋಡುವುದು ಹೇಗೆ? ಮೇಳದಲ್ಲಿ ಕೊಡುವ ಒಂದು ಚಮಚ ಕೇಸರಿಬಾತ್‌ನಿಂದ ಏನೂ ತಿಳಿಯುವುದಿಲ್ಲ. ನಾಲ್ಕು ಕೆ.ಜಿ. ರವೆಯಲ್ಲಿ ಯಾರು ಮಾಡಿದರೂ ಚೆನ್ನಾಗಿಯೇ ಬರುತ್ತದೆ. ಅವರು ಅಡುಗೆ ಮಾಡುವ ಒಂದು ಮದುವೆಗೆ, ಆ ಮನೆಯವರ ಒಪ್ಪಿಗೆ ಪಡೆದು, ಕೊನೆಯ ಪಂಕ್ತಿಗೆ ಹೋಗಿ ಕೂರಿ. ಅನ್ನ ಬಿಸಿಯಾಗಿದೆಯೇ? ಸಾರಿಗೆ ನೀರು ಬೆರೆಸಿದ್ದಾರೆಯೇ? ಹುಳಿಯಲ್ಲಿ ಹೋಳು ಉಳಿದಿದೆಯೇ? ಮೊದಲ ಪಂಕ್ತಿಗೆ ಬಡಿಸಿದ್ದೆಲ್ಲ ಕೊನೆಯದಕ್ಕೂ ಬಂತೇ? ಇಷ್ಟು ಸರಿಯಿದ್ದರೆ ಅವರನ್ನು ಧಾರಾಳವಾಗಿ ಗೊತ್ತು ಮಾಡಿ.

ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಲೋಟ, ತಟ್ಟೆ, ಚಮಚ ಬೇಡವೇ ಬೇಡ. ದೇಶದಾದ್ಯಂತ 2022ರ ಜುಲೈ 1ರಿಂದ ಅವು ನಿಷಿದ್ಧ. ಅಡಿಕೆ ಹಾಳೆಯ ತಟ್ಟೆ ನಮ್ಮಲ್ಲೇ ಆಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದು ಬೂಷ್ಟು ಬಂದಿದೆಯೇ ಎಂದು ಮಾತ್ರ ಕಟ್ಟು ಬಿಚ್ಚಿ ನೋಡಿ.

ಮಂಟಪ ಮತ್ತು ಕರೆಂಟು

ಮೇಳದಲ್ಲಿ ತೋರಿಸುವ ಮಂಟಪ ಫೋಟೋಕ್ಕೆ ಚಂದ, ಧಾರೆಗೆ ಇಕ್ಕಟ್ಟು. ಹಸೆಮಣೆ, ಹೋಮಕುಂಡ, ಪುರೋಹಿತರು, ಎರಡೂ ಕಡೆಯ ಅಪ್ಪ-ಅಮ್ಮ, ಸೋದರಮಾವ ಇಷ್ಟು ಜನ ಹಿಡಿಯಲು ಕಂಬಗಳ ನಡುವೆ ಉದ್ದಕ್ಕೂ ಅಗಲಕ್ಕೂ ಕನಿಷ್ಠ 10 ಅಡಿ ಜಾಗ ಬೇಕು. ಹೋಮಕುಂಡದ ಹತ್ತಿರ ನೈಲಾನ್ ನೆಟ್ ಬಟ್ಟೆ ಇಳಿಬಿಡಲು ಬಿಡಬೇಡಿ, ಕಿಡಿ ಬಿದ್ದರೆ ಕರಗಿ ಮೈಮೇಲೆ ಅಂಟುತ್ತದೆ. ಹೆಸರು ಕೆತ್ತಿದ ಥರ್ಮೋಕೋಲ್ ಅಕ್ಷರಗಳೂ ನಿಷೇಧದ ಪಟ್ಟಿಯಲ್ಲಿವೆ. ನಿಜ ಹೂವೋ ಪ್ಲಾಸ್ಟಿಕ್ಕೋ ಎಂದು ಭಾಗ ಭಾಗವಾಗಿ ಬರೆಸಿ. ಮಲ್ಲಿಗೆ ದರ ಮುಹೂರ್ತದ ವಾರದಲ್ಲಿ ಏರುವುದರಿಂದ ಮುಡಿಯುವ ಹೂವನ್ನು ಅಲಂಕಾರದ ಗುತ್ತಿಗೆಗೆ ಸೇರಿಸದೆ ಬೇರೆಯಾಗಿಯೇ ಹೇಳಿ. ಘಟ್ಟದ ಕೆಳಗಿನಿಂದ ಉಡುಪಿ ಮಲ್ಲಿಗೆ ತರಿಸುವವರಿಗೆ ಲೆಕ್ಕ ಅಟ್ಟೆಯದು: ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ.

ಏಪ್ರಿಲ್-ಮೇ ಸಂಜೆಯ ಗಾಳಿಮಳೆಗೆ ಕರೆಂಟು ಹೋಗುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಜನರೇಟರ್ ಇದೆ ಎಂದರೆ ಸಾಲದು. ಯಾವುದೆಲ್ಲ ಅದರ ಮೇಲೆ ಓಡುತ್ತದೆ, ಡೀಸೆಲ್ ಯಾರದು, ಚಾಲೂ ಮಾಡುವ ಆಳು ರಾತ್ರಿ ಅಲ್ಲೇ ಇರುತ್ತಾನೆಯೇ ಎಂದು ಕೇಳಿ. ಎಲ್‌ಇಡಿ ಗೋಡೆ ಮತ್ತು ಅಡುಗೆಮನೆಯ ಗ್ರೈಂಡರ್ ಒಂದೇ ಲೈನಿನಲ್ಲಿದ್ದರೆ ಎರಡೂ ಕೈಕೊಡುತ್ತವೆ. ಮನೆಯಂಗಳದಲ್ಲೇ ಮದುವೆಯಾದರೆ ಚಪ್ಪರಕ್ಕೆ ಇಳಿಜಾರು ಕೊಡಿಸಿ. ಸಮತಟ್ಟಾಗಿ ಕಟ್ಟಿದ ಶಾಮಿಯಾನದಲ್ಲಿ ನೀರು ನಿಂತು ಬಟ್ಟೆ ಹರಿಯುತ್ತದೆ. ಧ್ವನಿವರ್ಧಕ ರಾತ್ರಿ 10ಕ್ಕೆ ನಿಲ್ಲಬೇಕು, ಆರ್ಕೆಸ್ಟ್ರಾದವರಿಗೆ ಅದನ್ನು ಮುಂಚೆಯೇ ಹೇಳಿಡಿ.

ಫೋಟೋ, ಮೇಕಪ್, ಮೆಹಂದಿ

ಮಳಿಗೆಯಲ್ಲಿಟ್ಟ ಆಲ್ಬಂ ಹತ್ತು ಮದುವೆಗಳಿಂದ ಆರಿಸಿದ್ದು. ಒಂದೇ ಮದುವೆಯ ಪೂರ್ತಿ ಫೋಟೋ ತೋರಿಸಿ ಎನ್ನಿ. ನಾಂದಿಯ ಮಬ್ಬು ಬೆಳಕು, ಹೋಮದ ಹೊಗೆ, ಊಟದ ಹಾಲ್, ಹೆಣ್ಣೊಪ್ಪಿಸುವ ಹೊತ್ತು, ಇವು ಹೇಗೆ ಬಂದಿವೆ ನೋಡಿ. ಆಲ್ಬಂ ಎಷ್ಟು ಹಾಳೆ, ಎಲ್ಲ ಫೋಟೋಗಳನ್ನೂ ಹಾರ್ಡ್‌ಡಿಸ್ಕ್‌ನಲ್ಲಿ ಕೊಡುತ್ತಾರೆಯೇ, ಎಷ್ಟು ದಿನದಲ್ಲಿ ಎಂಬುದೂ ಬರಹದಲ್ಲಿರಲಿ.

ಮೇಕಪ್ ಟ್ರಯಲ್ ಮಾಡಿಸಿದ ಮೇಲೆ ಮೂರು ಗಂಟೆ ಮುಖ ತೊಳೆಯಬೇಡಿ. ಒಮ್ಮೆ ಒಲೆಯ ಮುಂದೆ ನಿಂತು ಬೆವರಿ, ಆಮೇಲೆ ಅಂಗಳದ ಬೆಳಕಿನಲ್ಲಿ ಯಾರದಾದರೂ ಸಾಮಾನ್ಯ ಮೊಬೈಲ್‌ನಲ್ಲಿ ಫೋಟೋ ತೆಗೆಸಿ. ಕತ್ತಿನ ಬಣ್ಣ ಮತ್ತು ಮುಖದ ಬಣ್ಣ ಬೇರೆಯಾಗಿ ಕಂಡರೆ ಆ ಕೈ ಬೇಡ. ಧಾರೆ ಸೀರೆಗೆ ಬದಲಾಯಿಸುವಾಗ ಉಡಿಸುವವರು ಅಲ್ಲೇ ಇರುತ್ತಾರೆಯೇ, ಅದಕ್ಕೆ ಬೇರೆ ಹಣವೇ ಎಂದು ಕೇಳಿ. ಮೆಹಂದಿ ಎರಡು ದಿನ ಮುಂಚೆ ಹಾಕಿಸಿ, ನಿಜವಾದ ಗೋರಂಟಿ ಬಣ್ಣ ಬಿಡಲು ಒಂದೆರಡು ದಿನ ಬೇಕು. ಹತ್ತೇ ನಿಮಿಷಕ್ಕೆ ಕಪ್ಪಾಗುವ ಕೋನ್‌ಗಳಲ್ಲಿ ಗೋರಂಟಿಯಲ್ಲದ ರಾಸಾಯನಿಕ ಬಣ್ಣವಿರುತ್ತದೆ, ಕೆಲವರ ಕೈಯಲ್ಲಿ ಗುಳ್ಳೆ ಏಳುತ್ತದೆ. ಎಷ್ಟೇ ಅಗ್ಗವಾದರೂ ಅವನ್ನು ಮುಟ್ಟಬೇಡಿ.

ಒಡವೆ, ಸೀರೆ, ಬಾಸಿಂಗ

ಮೇಳದಲ್ಲಿ ಚಿನ್ನ ಕೊಳ್ಳಬೇಡಿ, ನಮೂನೆ ನೋಡಿ ಬನ್ನಿ. ಕೊಳ್ಳುವಾಗ ಬಿಐಎಸ್ ಗುರುತು, 22 ಕ್ಯಾರೆಟ್ ಶುದ್ಧತೆಯ 22ಕೆ916, ಒಡವೆಗೊಂದರಂತೆ ಕೊಡುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಎಚ್‌ಯುಐಡಿ ಮೂರೂ ಇರಬೇಕು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಎಂದರೆ ಇದೇ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿ ಅಂಗಡಿಯಲ್ಲೇ ಪರೀಕ್ಷಿಸಿ. ಕರಿಮಣಿ, ಹವಳ, ಕಲ್ಲುಗಳ ತೂಕ ಕಳೆದ ಮೇಲೆಯೇ ಚಿನ್ನದ ಬೆಲೆ ಹಾಕಿಸಿ. ರೇಷ್ಮೆಗೆ ಸಿಲ್ಕ್ ಮಾರ್ಕ್ ಚೀಟಿ ನೋಡಿ. ಅನುಮಾನವಿದ್ದರೆ ಅಂಚಿನ ಎಳೆಯೊಂದನ್ನು ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ರೇಷ್ಮೆ, ಗಟ್ಟಿ ಗುಂಡಾದರೆ ಪಾಲಿಯೆಸ್ಟರ್.

ಬಾಸಿಂಗಕ್ಕೆ ಮಿಂಚು ಕಾಗದದ ರೆಡಿಮೇಡ್ ಬೇಡ. ಸಾಗರ, ಸೊರಬದ ಕಡೆಯ ಗುಡಿಗಾರರು ಮಾಡುವ ಬೆಂಡಿನ ಬಾಸಿಂಗಕ್ಕೆ ಮುಂಚೆಯೇ ಹೇಳಿ ಮಾಡಿಸಿ. ಹಗುರ, ಹಣೆಗೆ ಚುಚ್ಚುವುದಿಲ್ಲ. ಕಟ್ಟಿ ತರುವಾಗ ತೇವ ತಾಗದಂತೆ ಡಬ್ಬಿಯಲ್ಲಿಡಿ.

ಒಪ್ಪಂದ ಮತ್ತು ಹಣ

ಮುಂಗಡ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಸಂಸ್ಥೆಯ ಖಾತೆಗೇ ಹಾಕಿ, ರಸೀದಿಯಲ್ಲಿ ಮದುವೆಯ ದಿನ, ಮುಹೂರ್ತ, ಛತ್ರದ ಹೆಸರು, ಬರುವವರ ಹೆಸರು ಬರೆಸಿ. ಸೂತಕ ಬಂದರೆ ಏನು ಎಂಬ ಸಾಲು ತಪ್ಪದೆ ಇರಲಿ: ದಿನ ಮುಂದೆ ಹೋದರೆ ಮುಂಗಡ ಹೊಸ ದಿನಕ್ಕೆ ಜಮೆಯಾಗಬೇಕು. ಕೇಳಲು ಸಂಕೋಚಪಟ್ಟು ಇದನ್ನು ಬಿಟ್ಟವರು ದುಃಖದ ಹೊತ್ತಿನಲ್ಲಿ ಹಣಕ್ಕಾಗಿ ಅಲೆಯಬೇಕಾಗುತ್ತದೆ. ಒಪ್ಪಿದ ಕೆಲಸ ಮಾಡದೆ ಹಣವನ್ನೂ ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಅಲ್ಲಿ ನಿಮ್ಮ ಕೈಯಲ್ಲಿರಬೇಕಾದದ್ದು ಈ ಕಾಗದಗಳೇ.

ಮದುವೆಗೆ ಮೂರು ದಿನವಿರುವಾಗ ಎಲ್ಲರಿಗೂ ಫೋನ್ ಮಾಡಿ, ಬರುವ ಸಮಯ ಮತ್ತು ದಾರಿಯನ್ನು ಮತ್ತೊಮ್ಮೆ ಹೇಳಿ. ಒಳಹಳ್ಳಿಯ ಮನೆಯಾದರೆ ನೆಟ್‌ವರ್ಕ್ ಸಿಗುವ ಕೊನೆಯ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ. ಬಾಕಿ ಹಣವನ್ನು ಹೆಸರು ಬರೆದ ಲಕೋಟೆಗಳಲ್ಲಿ ಹಾಕಿ ಸೋದರಮಾವನಿಗೋ ಚಿಕ್ಕಪ್ಪನಿಗೋ ಒಪ್ಪಿಸಿ, ಮದುಮಗಳ ಕೈಗೆ ಅಂದು ಯಾವ ಲೆಕ್ಕವೂ ಬರಬಾರದು. ಫೋಟೋದವರ ಕೊನೆಯ ಕಂತನ್ನು ಮಾತ್ರ ಆ ಲಕೋಟೆಗಳ ಜೊತೆ ಇಡಬೇಡಿ. ಆಲ್ಬಂ ಮತ್ತು ಹಾರ್ಡ್‌ಡಿಸ್ಕ್ ಎರಡೂ ಕೈಗೆ ಬಂದು, ಡಿಸ್ಕ್ ತೆರೆದು ನೋಡಿದ ಮೇಲೆ ಕೊಡಿ.